ಶಾಸನಸಭೆ ಮತ್ತು ವಿಶ್ವವಿದ್ಯಾಲಯದ ಗುಣಮಟ್ಟ: ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯಿಂದ ಒಂದು ಪರಿಶೀಲನೆ

ಸಾರ್ವಜನಿಕ ವಿಶ್ವವಿದ್ಯಾಲಯವು ಶಾಸನಸಭೆ ಅಂಗೀಕರಿಸಿದ ಕಾಯ್ದೆಯಿಂದ ಹುಟ್ಟುತ್ತದೆ, ಶಾಸನಸಭೆ ಒಪ್ಪಿದ ಅನುದಾನದಿಂದ ನಡೆಯುತ್ತದೆ. ಆದರೆ ಅದು ಕೊಡುವ ಪದವಿಯ ಬೆಲೆಯನ್ನು ಶಾಸನಸಭೆ ನಿರ್ಧರಿಸುವುದಿಲ್ಲ. ಯಾವ ಪಾಠಕ್ರಮ, ಎಂತಹ ಪ್ರಶ್ನೆಪತ್ರಿಕೆ, ಎಷ್ಟು ಅಂಕಕ್ಕೆ ಉತ್ತೀರ್ಣ ಎಂಬುದೆಲ್ಲ ಅಧ್ಯಯನ ಮಂಡಳಿ, ವಿದ್ಯಾವಿಷಯಕ ಪರಿಷತ್ತು, ಸಿಂಡಿಕೇಟ್ ಎಂಬ ವಿಶ್ವವಿದ್ಯಾಲಯದೊಳಗಿನ ಪ್ರಾಧಿಕಾರಗಳಿಗೆ ಬಿಟ್ಟ ವಿಷಯ. ಈ ಏರ್ಪಾಡನ್ನೇ ಸ್ವಾಯತ್ತತೆ ಎಂದು ಕರೆಯಲಾಗುತ್ತದೆ. ಹೀಗಿರುವಾಗ ಗುಣಮಟ್ಟದ ವಿಷಯದಲ್ಲಿ ಜನಪ್ರತಿನಿಧಿಗಳ ಸಭೆಗೆ ಕೇಳಲು ಏನಾದರೂ ಉಳಿದಿದೆಯೇ, ಉಳಿದಿದ್ದರೆ ಅದನ್ನು ಅದು ಕೇಳುತ್ತಿದೆಯೇ ಎಂಬ ಪ್ರಶ್ನೆಯನ್ನು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಮೂರು ತಾಲೂಕುಗಳ ಪದವಿ ಕಾಲೇಜುಗಳನ್ನು ಕಣ್ಣ ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ. ಧಾರವಾಡದ ಪಾವಟೆ ನಗರದ ಆವರಣದಲ್ಲಿ ನಿಂತು ನೋಡಿದವರಿಗೆ ವಿಶ್ವವಿದ್ಯಾಲಯವೆಂದರೆ ಸ್ನಾತಕೋತ್ತರ ವಿಭಾಗಗಳು, ಸಂಶೋಧನ ಪ್ರಬಂಧಗಳು, ಘಟಿಕೋತ್ಸವ. ಅದೇ ವಿಶ್ವವಿದ್ಯಾಲಯದ ಹೆಸರಿನ ಪದವಿಯನ್ನು ನೂರು ಕಿಲೋಮೀಟರಿಗೂ ಹೆಚ್ಚು ದೂರದ ಶಿರಸಿಯಲ್ಲೋ ಸಿದ್ದಾಪುರದಲ್ಲೋ ಓದುವವರಿಗೆ ವಿಶ್ವವಿದ್ಯಾಲಯವೆಂದರೆ ಒಂದು ಹಾಲ್ ಟಿಕೆಟ್, ಒಂದು ಅಂಕಪಟ್ಟಿ, ಮತ್ತು ತರಗತಿಗೆ ಬರುವ ಅಥವಾ ಬಾರದಿರುವ ಒಬ್ಬ ಉಪನ್ಯಾಸಕ.

ಈ ಸೀಮೆಗೆ ಉನ್ನತ ಶಿಕ್ಷಣ ಬಂದ ಬಗೆಯೇ ಶಾಸನಸಭೆಗಳ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ ಇಲ್ಲಿನವರ ಪದವಿ ಶಿಕ್ಷಣ 1857ರಲ್ಲಿ ಸ್ಥಾಪನೆಯಾಗಿದ್ದ ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗಲೂ ಪರೀಕ್ಷೆ, ಪದವಿಗಳ ಯಜಮಾನಿಕೆ ಮುಂಬಯಿಯದೇ ಆಗಿತ್ತು. ಕನ್ನಡ ಜಿಲ್ಲೆಗಳಿಗೆ ತಮ್ಮದೇ ವಿಶ್ವವಿದ್ಯಾಲಯ ಬೇಕೆಂಬ ಬೇಡಿಕೆಗೆ 1949ರಲ್ಲಿ ಕಾಯ್ದೆಯ ರೂಪ ಕೊಟ್ಟದ್ದು ಮುಂಬಯಿ ವಿಧಾನಮಂಡಲ ಎಂಬುದನ್ನು ಈಗ ಹೆಚ್ಚಿನವರು ಮರೆತಿದ್ದಾರೆ. ಕರ್ನಾಟಕ ವಿಶ್ವವಿದ್ಯಾಲಯದ ಕೆಲಸ ಮೊದಲು ಮುಂಬಯಿಯಲ್ಲೇ ಶುರುವಾಗಿ ಅನಂತರ ಧಾರವಾಡಕ್ಕೆ ಬಂತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ವಿಶ್ವವಿದ್ಯಾಲಯವು ಬೆಂಗಳೂರಿನ ಶಾಸನಸಭೆಗೆ ಉತ್ತರ ಹೇಳಬೇಕಾದ ಸಂಸ್ಥೆಯಾಯಿತು. 1954ರಿಂದ 1967ರವರೆಗೆ ಡಿ.ಸಿ. ಪಾವಟೆಯವರು ಕುಲಪತಿಗಳಾಗಿದ್ದ ಕಾಲದಲ್ಲಿ ವಿಶ್ವವಿದ್ಯಾಲಯ ಬೆಳೆಯಿತು, ಘಟ್ಟದ ಮೇಲಿನ ಊರುಗಳಲ್ಲಿ ಸ್ಥಳೀಯ ಶಿಕ್ಷಣ ಸಂಸ್ಥೆಗಳು ಕಾಲೇಜು ಕಟ್ಟುವ ಹುರುಪೂ ಅದೇ ದಶಕಗಳಲ್ಲಿ ಹುಟ್ಟಿತು. ಶಿರಸಿಯ ಮೋಟಿನಸರ ಸ್ಮಾರಕ ಕಲಾ ಮತ್ತು ವಿಜ್ಞಾನ ಕಾಲೇಜು, ಎಂದರೆ ಊರವರ ಬಾಯಲ್ಲಿ ಎಂ.ಎಂ. ಕಾಲೇಜು, ಮತ್ತು ಮಹಾತ್ಮ ಗಾಂಧಿ ಜನ್ಮಶತಾಬ್ದಿಯನ್ನು ಹೆಸರಿನಲ್ಲೇ ಹೊತ್ತ ಸಿದ್ದಾಪುರದ ಎಂ.ಜಿ.ಸಿ. ಕಾಲೇಜು ಸರ್ಕಾರ ಕೊಟ್ಟವಲ್ಲ, ಊರು ಕಟ್ಟಿದವು. ಯಲ್ಲಾಪುರದಲ್ಲಿರುವುದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಆಡಳಿತ ಯಾರದೇ ಆಗಿರಲಿ, ಇವೆಲ್ಲ ಒಂದೇ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳು. ಪಾಠವನ್ನು ಕಾಲೇಜು ಮಾಡಿ, ಪರೀಕ್ಷೆ ಮತ್ತು ಪದವಿಯನ್ನು ವಿಶ್ವವಿದ್ಯಾಲಯ ಕೊಡುವ ಏರ್ಪಾಡಿಗೆ ಸಂಯೋಜನೆ ಎಂದು ಹೆಸರು.

ಶಿರಸಿಯಲ್ಲಿ ಇನ್ನೊಂದು ಬಗೆಯ ಉನ್ನತ ಶಿಕ್ಷಣವೂ ಇದೆ. 1985ರಲ್ಲಿ, ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ಇಲ್ಲಿ ಅರಣ್ಯ ಮಹಾವಿದ್ಯಾಲಯ ಆರಂಭವಾಯಿತು. ಮರುವರ್ಷ ಧಾರವಾಡದಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಭಾಗವಾಯಿತು. ಹೀಗಾಗಿ ಒಂದೇ ಊರಿನ ಎರಡು ಕಾಲೇಜುಗಳು ಎರಡು ಬೇರೆ ಕಾಯ್ದೆಗಳ ಕೆಳಗೆ, ಎರಡು ಬೇರೆ ಇಲಾಖೆಗಳ ಕೆಳಗೆ ನಡೆಯುತ್ತವೆ, ಬಿ.ಎ. ತರಗತಿಯ ಗುಣಮಟ್ಟದ ಬಗ್ಗೆ ಸದನದಲ್ಲಿ ಉತ್ತರಿಸಬೇಕಾದವರು ಉನ್ನತ ಶಿಕ್ಷಣ ಸಚಿವರಾದರೆ, ಅರಣ್ಯಶಾಸ್ತ್ರದ ಪದವಿಯ ಬಗ್ಗೆ ಉತ್ತರಿಸಬೇಕಾದವರು ಕೃಷಿ ಸಚಿವರು. ಅರಣ್ಯ ಮಹಾವಿದ್ಯಾಲಯದ ಗುಣಮಟ್ಟವನ್ನು ಭಾರತೀಯ ಕೃಷಿ ಸಂಶೋಧನ ಪರಿಷತ್ತಿನ ವ್ಯವಸ್ಥೆ ಅಳೆದರೆ, ಉಳಿದ ಕಾಲೇಜುಗಳನ್ನು ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು, ಎಂದರೆ ಎಲ್ಲರೂ ಹೇಳುವ ನ್ಯಾಕ್, ಅಳೆಯುತ್ತದೆ. ಶಾಲಾ ಶಿಕ್ಷಣದ ಮಟ್ಟಿಗೆ ಶಿರಸಿಯೇ ಒಂದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿದ್ದು ಉಪನಿರ್ದೇಶಕರ ಕಚೇರಿ ಊರಿನಲ್ಲೇ ಇದೆ. ಪದವಿ ಕಾಲೇಜಿನ ಮಟ್ಟಿಗೆ ಕೇಳಬೇಕಾದ ಬಾಗಿಲುಗಳೆಲ್ಲ ಧಾರವಾಡದಲ್ಲಿ ಅಥವಾ ಬೆಂಗಳೂರಿನಲ್ಲಿ.

ಗುಣಮಟ್ಟ ಯಾರ ಅಧಿಕಾರ ಎಂಬ ಪ್ರಶ್ನೆಗೆ ಸಂವಿಧಾನದ ಏಳನೆಯ ಅನುಸೂಚಿ ಕೊಡುವ ಉತ್ತರ ಸರಳವಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಗುಣಮಟ್ಟದ ನಿರ್ಧಾರ ಮತ್ತು ಸಮನ್ವಯವು ಕೇಂದ್ರ ಪಟ್ಟಿಯ 66ನೆಯ ನಮೂದಿನಲ್ಲಿದೆ. ವಿಶ್ವವಿದ್ಯಾಲಯಗಳ ಸ್ಥಾಪನೆ ರಾಜ್ಯ ಪಟ್ಟಿಯ 32ನೆಯ ನಮೂದಿನಲ್ಲಿದೆ. ಮೊದಲು ರಾಜ್ಯ ಪಟ್ಟಿಯಲ್ಲಿದ್ದ ಶಿಕ್ಷಣವು 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯ 25ನೆಯ ನಮೂದಿಗೆ ಹೋಯಿತು. ಸರ್ವೋಚ್ಚ ನ್ಯಾಯಾಲಯವು 1963ರ ಗುಜರಾತ್ ವಿಶ್ವವಿದ್ಯಾಲಯದ ಪ್ರಕರಣದಿಂದ ಮೊದಲಾಗಿ ಹಲವು ಸಲ, ರಾಜ್ಯದ ಕಾನೂನು ಕೇಂದ್ರ ನಿಗದಿಪಡಿಸಿದ ಗುಣಮಟ್ಟಕ್ಕೆ ಅಡ್ಡ ಬರುವಂತಿಲ್ಲ ಎಂದು ಹೇಳಿದೆ. ಇದರಿಂದ ಕೆಲವರು ಗುಣಮಟ್ಟ ವಿಧಾನಸೌಧದ ಕೆಲಸವೇ ಅಲ್ಲ, ಅದು ವಿಶ್ವವಿದ್ಯಾಲಯ ಅನುದಾನ ಆಯೋಗದ ಕೆಲಸ ಎಂಬ ತೀರ್ಮಾನಕ್ಕೆ ಬರುತ್ತಾರೆ. ಇದು ಅರ್ಧ ಸರಿ. ಕನಿಷ್ಠ ಮಟ್ಟವನ್ನು ಕೇಂದ್ರ ಹಾಕಿಕೊಡಬಹುದು. ಆ ಮಟ್ಟವನ್ನು ಮುಟ್ಟಲು ಬೇಕಾದ ಅಧ್ಯಾಪಕರು, ಕಟ್ಟಡ, ಗ್ರಂಥಾಲಯ, ಸಕಾಲದ ಪರೀಕ್ಷೆ ಇವು ರಾಜ್ಯದ ಹಣದಿಂದ, ರಾಜ್ಯದ ಕಾಯ್ದೆಯಿಂದ ಬರಬೇಕಾದವು. ಅಳತೆಗೋಲು ದೆಹಲಿಯದು, ಹೊಣೆ ಬೆಂಗಳೂರಿನದು ಎಂಬ ಈ ಹಂಚಿಕೆಯ ನಡುವಿನ ಬಿರುಕಿನಲ್ಲೇ ತಾಲೂಕಿನ ಕಾಲೇಜು ಸಿಕ್ಕಿಕೊಂಡಿದೆ.

ಸಂಸತ್ತಿನಲ್ಲಿ ಈ ಕೆಲಸಕ್ಕೆ ಒಂದು ಸಿದ್ಧ ಸಾಧನವಿದೆ. 1993ರಿಂದ ಇಲಾಖಾ ಸಂಬಂಧಿತ ಸ್ಥಾಯಿ ಸಮಿತಿಗಳು ಕೆಲಸ ಮಾಡುತ್ತಿದ್ದು, ಶಿಕ್ಷಣದ ಸ್ಥಾಯಿ ಸಮಿತಿಯು ಸಚಿವಾಲಯದ ಅನುದಾನ ಬೇಡಿಕೆಗಳನ್ನು ಸದನ ಒಪ್ಪುವ ಮೊದಲೇ ಪರಿಶೀಲಿಸಿ ವರದಿ ಕೊಡುತ್ತದೆ, ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಬಿದ್ದ ಬೋಧಕ ಹುದ್ದೆಗಳ ಬಗ್ಗೆ ಮತ್ತೆ ಮತ್ತೆ ಕೇಳುತ್ತದೆ. 2009ರಲ್ಲಿ ಕಲಬುರಗಿಗೆ ಬಂದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಈ ಸಮಿತಿಯ ಕಣ್ಣಳತೆಯಲ್ಲಿದೆ. ಧಾರವಾಡದ ವಿಶ್ವವಿದ್ಯಾಲಯ ಇಲ್ಲ. ನೆರೆಯ ಕೇರಳದ ವಿಧಾನಸಭೆಯಲ್ಲಿ 1980ರಿಂದ ವಿಷಯ ಸಮಿತಿಗಳಿದ್ದು ಶಿಕ್ಷಣಕ್ಕೂ ಒಂದು ಸಮಿತಿ ಇದೆ, ಹೀಗಾಗಿ ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಓದುವವರ ವಿಷಯವನ್ನು, ಯಾರಾದರೂ ಮನಸ್ಸು ಮಾಡಿದರೆ, ಅಲ್ಲಿ ಸಮಿತಿಯ ಮೇಜಿನ ಮೇಲಾದರೂ ಇಡಬಹುದು.

ಕರ್ನಾಟಕದಲ್ಲಿ ಸಾಧನಗಳಿಗೆ ಬರವಿಲ್ಲ. ಪ್ರಶ್ನೋತ್ತರ ವೇಳೆ, ಗಮನ ಸೆಳೆಯುವ ಸೂಚನೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದಾಜು ಸಮಿತಿ, ಸಚಿವರು ಸದನದಲ್ಲಿ ಕೊಟ್ಟ ಮಾತು ನಡೆಯಿತೇ ಎಂದು ನೋಡುವ ಸರ್ಕಾರಿ ಭರವಸೆಗಳ ಸಮಿತಿ, ಮಂಡಿಸಿದ ವರದಿಗಳನ್ನು ನೋಡುವ ಕಾಗದ ಪತ್ರಗಳ ಸಮಿತಿ, ಕಾಯ್ದೆಯಡಿ ಮಾಡಿದ ನಿಯಮಗಳನ್ನು ನೋಡುವ ಅಧೀನ ಶಾಸನ ರಚನಾ ಸಮಿತಿ, ಅರ್ಜಿಗಳ ಸಮಿತಿ ಎಲ್ಲವೂ ಇವೆ. ಇದಲ್ಲದೆ ಕರ್ನಾಟಕಕ್ಕೆ ವಿಧಾನ ಪರಿಷತ್ತಿದೆ, ಅದರ 75 ಸ್ಥಾನಗಳಲ್ಲಿ 7 ಪದವೀಧರರ ಕ್ಷೇತ್ರಗಳಿಗೆ, 7 ಶಿಕ್ಷಕರ ಕ್ಷೇತ್ರಗಳಿಗೆ ಮೀಸಲು. ಇಲ್ಲಿ ಗಮನಿಸಬೇಕಾದ ಒಂದು ಕಾಕತಾಳೀಯವಿದೆ. ಕರ್ನಾಟಕ ಪಶ್ಚಿಮ ಪದವೀಧರರ ಕ್ಷೇತ್ರ, ಕರ್ನಾಟಕ ಪಶ್ಚಿಮ ಶಿಕ್ಷಕರ ಕ್ಷೇತ್ರ ಎರಡರ ವ್ಯಾಪ್ತಿಯೂ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಜಿಲ್ಲೆಗಳು. 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಬೇರೆಯಾಗುವವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯೂ ಇದೇ ನಾಲ್ಕು ಜಿಲ್ಲೆಗಳು. ಒಂದು ವಿಶ್ವವಿದ್ಯಾಲಯದ ಪದವೀಧರರಿಗೂ ಅದರ ಕಾಲೇಜುಗಳ ಅಧ್ಯಾಪಕರಿಗೂ ಸದನದಲ್ಲಿ ಹೆಚ್ಚು ಕಡಿಮೆ ಸ್ವಂತದ್ದೇ ಎನ್ನಬಹುದಾದ ಎರಡು ಸ್ಥಾನಗಳು ಇರುವುದು ಸಣ್ಣ ಅನುಕೂಲವಲ್ಲ. ಪದವೀಧರರ ಕ್ಷೇತ್ರದಿಂದ ಎಚ್.ಕೆ. ಪಾಟೀಲರು ನಾಲ್ಕು ಅವಧಿಗೆ ಆಯ್ಕೆಯಾದರು. ಶಿಕ್ಷಕರ ಕ್ಷೇತ್ರದಿಂದ ಬಸವರಾಜ ಹೊರಟ್ಟಿಯವರು 2022ರಲ್ಲಿ ಎಂಟನೆಯ ಸಲ ಆಯ್ಕೆಯಾದರು. 2021ರ ಫೆಬ್ರವರಿಯಲ್ಲಿ ಹೊರಟ್ಟಿಯವರು ಪರಿಷತ್ತಿನ ಸಭಾಪತಿಯಾದಾಗ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದವರು ಶಿರಸಿ ಕ್ಷೇತ್ರದ ವಿಶ್ವೇಶ್ವರ ಹೆಗಡೆ ಕಾಗೇರಿಯವರು. ಎರಡೂ ಸದನಗಳ ಪೀಠಗಳು ಒಂದೇ ವಿಶ್ವವಿದ್ಯಾಲಯದ ಸೀಮೆಯವರ ಕೈಯಲ್ಲಿದ್ದ ಅಂತಹ ಕಾಲ ಬೇರೆ ಯಾವ ವಿಶ್ವವಿದ್ಯಾಲಯಕ್ಕೂ ಸುಲಭವಾಗಿ ಒದಗುವುದಿಲ್ಲ. ಆದರೆ ಪೀಠದಲ್ಲಿ ಕುಳಿತವರು ಪ್ರಶ್ನೆ ಕೇಳುವಂತಿಲ್ಲ ಎಂಬುದು ಸಂಸದೀಯ ಪದ್ಧತಿಯ ಒಂದು ತಮಾಷೆ.

ಸದನದ ಪ್ರಶ್ನೆಗಳು ಗುಣಮಟ್ಟವನ್ನು ಮುಟ್ಟುವುದೆಲ್ಲಿ, ತಪ್ಪಿಸಿಕೊಳ್ಳುವುದೆಲ್ಲಿ ಎಂಬುದು ಅವುಗಳ ಅಚ್ಚಾದ ರೂಪವನ್ನು ನೋಡಿದರೆ ತಿಳಿಯುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದುನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಹಾಳೆಯ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ಭಾಗದಲ್ಲಿ ಜಿಲ್ಲೆಯ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು ಎಂದಿರುತ್ತದೆ. ಎದುರಿಗೆ ‘ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ’ ಎಂಬ ಉತ್ತರ. (ಆ) ಭಾಗದಲ್ಲಿ ಇದರಿಂದ ವಿದ್ಯಾರ್ಥಿಗಳ ವ್ಯಾಸಂಗಕ್ಕೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದಿದ್ದರೆ ‘ಬಂದಿದೆ’, ಅಥವಾ ಅತಿಥಿ ಉಪನ್ಯಾಸಕರಿಂದ ಕಾರ್ಯಭಾರ ನಿರ್ವಹಿಸಲಾಗುತ್ತಿರುವುದರಿಂದ ತೊಂದರೆಯ ಪ್ರಶ್ನೆ ‘ಉದ್ಭವಿಸುವುದಿಲ್ಲ’. (ಇ) ಭಾಗದಲ್ಲಿ ಕೈಗೊಂಡ ಕ್ರಮವೇನು ಎಂಬುದಕ್ಕೆ ‘ಪರಿಶೀಲನೆಯಲ್ಲಿದೆ’. ಈ ಮಾದರಿಯಲ್ಲಿ ಕೇಳಿದ್ದು ಹುದ್ದೆಯ ಸಂಖ್ಯೆ, ಸಿಕ್ಕಿದ್ದು ಹುದ್ದೆಯ ಸಂಖ್ಯೆ. ಆ ಹುದ್ದೆ ಖಾಲಿಯಿದ್ದ ವರ್ಷ ಆ ವಿಷಯದ ಪಾಠ ಎಷ್ಟು ಗಂಟೆ ನಡೆಯಿತು, ಪ್ರಾಯೋಗಿಕ ತರಗತಿ ನಡೆಯಿತೇ, ಉತ್ತರಪತ್ರಿಕೆ ಯಾರು ತಿದ್ದಿದರು ಎಂಬುದು ಕಾಗದದ ಮೇಲೆ ಬರುವುದೇ ಇಲ್ಲ. ಅದು ವಿಶ್ವವಿದ್ಯಾಲಯದ ವಿಷಯ ಎಂದು ಇಲಾಖೆಯೂ, ಹುದ್ದೆ ತುಂಬುವುದು ಇಲಾಖೆಯ ವಿಷಯ ಎಂದು ವಿಶ್ವವಿದ್ಯಾಲಯವೂ ಹೇಳಬಹುದು, ಮತ್ತು ಇಬ್ಬರ ಮಾತೂ ಕಾನೂನಿನ ಪ್ರಕಾರ ಸರಿಯೇ.

ಅತಿಥಿ ಉಪನ್ಯಾಸಕರ ವಿಷಯ ಇದಕ್ಕೆ ತೀರ ಹತ್ತಿರದ ನಿದರ್ಶನ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಈ ಹೆಸರಿನಲ್ಲಿ ಪಾಠ ಮಾಡುತ್ತ ಬಂದಿದ್ದಾರೆ. ವರ್ಷಗಟ್ಟಲೆ ಮನೆಯಲ್ಲೇ ಇರುವವರನ್ನು ಅತಿಥಿ ಎಂದು ಕರೆಯುವ ಪದ್ಧತಿ ಸರ್ಕಾರಿ ಕಚೇರಿಗಳಲ್ಲಿ ಮಾತ್ರ ಸಾಧ್ಯ. 2021ರ ಕೊನೆಯಲ್ಲಿ ಅವರು ತರಗತಿ ಬಹಿಷ್ಕರಿಸಿದ ಮೇಲೆ 2022ರ ಜನವರಿಯಲ್ಲಿ ಮಾಸಿಕ ಗೌರವಧನವನ್ನು ಅರ್ಹತೆ ಮತ್ತು ಸೇವೆಗೆ ಅನುಗುಣವಾಗಿ 26,000ದಿಂದ 32,000 ರೂಪಾಯಿಗಳವರೆಗಿನ ಮಟ್ಟಕ್ಕೆ ಏರಿಸಲಾಯಿತು. 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಬೇಕೆಂದು ಮತ್ತೆ ಮುಷ್ಕರ ನಡೆಯಿತು. ಎರಡೂ ಸಲ ಸದನದಲ್ಲಿ ಮಾತು ನಡೆದದ್ದು ಗೌರವಧನದ ಬಗ್ಗೆ, ಸೇವಾಭದ್ರತೆಯ ಬಗ್ಗೆ, ಅದು ನ್ಯಾಯವೇ. ಆದರೆ ಘಟ್ಟದ ಮೇಲಿನ ಕಾಲೇಜೊಂದರಲ್ಲಿ ಶೈಕ್ಷಣಿಕ ವರ್ಷದ ಆರಂಭದ ವಾರಗಳಲ್ಲಿ ನೇಮಕಾತಿ ಆದೇಶ ಬರುವವರೆಗೆ ಒಂದು ವಿಷಯಕ್ಕೆ ಪಾಠವೇ ಇಲ್ಲದಿದ್ದರೆ ಅದು ಪದವಿಯ ಗುಣಮಟ್ಟದ ಪ್ರಶ್ನೆ. ಅಂತಹ ವಾರಗಳನ್ನು ಎಣಿಸಿ ಸದನಕ್ಕೆ ಹೇಳುವ ಹೊಣೆ ಯಾರಿಗೂ ಇಲ್ಲ.

ವಿಶ್ವವಿದ್ಯಾಲಯದ ಬಳಿ ಕಾಲೇಜನ್ನು ನೋಡುವ ಸ್ವಂತ ಸಾಧನವೊಂದಿದೆ. ಸಂಯೋಜನೆ ಕೊಡುವಾಗ, ನವೀಕರಿಸುವಾಗ ಅಥವಾ ಹೊಸ ವಿಷಯಕ್ಕೆ ಅನುಮತಿ ಕೊಡುವಾಗ ಅದು ಸ್ಥಳೀಯ ವಿಚಾರಣಾ ಸಮಿತಿಯನ್ನು ಕಳಿಸುತ್ತದೆ. ಕಾಲೇಜುಗಳಲ್ಲಿ ಇದನ್ನು ಎಲ್.ಐ.ಸಿ. ಎನ್ನುತ್ತಾರೆ, ಜೀವವಿಮಾ ನಿಗಮಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಬಂದು ಹೋದ ಮೇಲೆ ಆಡಳಿತ ಮಂಡಳಿಗೆ ಜೀವ ಬಂದಂತಾಗುವುದು ನಿಜ. ಸಮಿತಿ ಬಂದ ದಿನ ಪ್ರಾಂಶುಪಾಲರ ಮೇಜಿನ ಮೇಲೆ ಗ್ರಂಥಾಲಯದ ಅಕ್ಸೆಶನ್ ರಿಜಿಸ್ಟರ್, ಪ್ರಯೋಗಾಲಯದ ದಾಸ್ತಾನು ಪುಸ್ತಕ, ಕಾರ್ಯಭಾರದ ತಖ್ತೆ, ಅಧ್ಯಾಪಕರ ಅರ್ಹತಾ ಪತ್ರಗಳ ಜೆರಾಕ್ಸ್ ಪ್ರತಿಗಳು, ಕಟ್ಟಡದ ನಕ್ಷೆ ಸಾಲಾಗಿ ಇರುತ್ತವೆ. ಸದಸ್ಯರು ಕೊಠಡಿಗಳನ್ನು ಸುತ್ತಿ, ರಿಜಿಸ್ಟರಿನ ಕೊನೆಯ ಪುಟಕ್ಕೆ ಸಹಿ ಹಾಕಿ, ನಮೂನೆ ತುಂಬಿ ಹೋಗುತ್ತಾರೆ. ಅವರ ವರದಿ ಸಿಂಡಿಕೇಟಿನ ಮುಂದೆ ಬರುತ್ತದೆ. ಷರತ್ತುಬದ್ಧವಾಗಿ ಮುಂದುವರಿಸಲಾಗಿದೆ ಎಂಬ ಪತ್ರ ಕಾಲೇಜಿಗೆ ಬರುತ್ತದೆ, ಷರತ್ತು ಪೂರೈಸದಿದ್ದರೂ ಮರುವರ್ಷ ಅದೇ ಪತ್ರ ಬರಬಹುದು, ಏಕೆಂದರೆ ಸಂಯೋಜನೆ ರದ್ದು ಮಾಡಿದರೆ ತೊಂದರೆಯಾಗುವುದು ಕಾಲೇಜಿಗಲ್ಲ, ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೆ. ರದ್ದು ಮಾಡುವ ಅಧಿಕಾರ ಕಾಯ್ದೆಯಲ್ಲಿದ್ದರೂ ಮಲೆನಾಡಿನಂತಹ ಕಡೆ ಅದು ಬಳಸಲಾಗದ ಅಧಿಕಾರ. ಹೀಗಿರುವಾಗ ವರದಿಯನ್ನು ಹೊರಗೆ ತೋರಿಸುವುದೊಂದೇ ಉಳಿದ ಒತ್ತಡ. ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದವರಿಗೆ ಸಿಗಬಹುದಾದ ಈ ವರದಿ ಸದನದ ಮೇಜಿಗೆ ಹೋಗುವುದಿಲ್ಲ.

ಸದನದ ಮೇಜಿಗೆ ಹೋಗುವುದು ವಾರ್ಷಿಕ ವರದಿ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಪ್ರಕಾರ ವಿಶ್ವವಿದ್ಯಾಲಯದ ವಾರ್ಷಿಕ ವರದಿಯನ್ನು ಸರ್ಕಾರ ಎರಡೂ ಸದನಗಳಲ್ಲಿ ಮಂಡಿಸಬೇಕು. ದಪ್ಪ ಕಾಗದದ ಆ ಪುಸ್ತಕದಲ್ಲಿ ವಿಭಾಗಗಳ ಸಾಧನೆ, ವಿಚಾರ ಸಂಕಿರಣಗಳು, ಪ್ರಕಟಿತ ಲೇಖನಗಳು, ಗಣ್ಯರ ಭೇಟಿಗಳು ವಿಸ್ತಾರವಾಗಿ ಇರುತ್ತವೆ. ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಓದುವ ಸಂಯೋಜಿತ ಕಾಲೇಜುಗಳು ಹೆಸರಿನ ಪಟ್ಟಿಯಾಗಿ, ಸಂಖ್ಯೆಯ ಕೋಷ್ಟಕವಾಗಿ ಬರುತ್ತವೆ. ಲೆಕ್ಕಪತ್ರದ ಹಾದಿಯೂ ಹೀಗೆಯೇ ಸುತ್ತುಬಳಸಿನದು: ವಿಶ್ವವಿದ್ಯಾಲಯಗಳ ವಾಡಿಕೆಯ ಲೆಕ್ಕಪರಿಶೋಧನೆ ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯದು, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಮುಖ್ಯವಾಗಿ ನೋಡುವುದು ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು ಸಲ್ಲಿಸಿದ ವರದಿ. ಆ ವರದಿಯಲ್ಲಿ ವಿಶ್ವವಿದ್ಯಾಲಯ ಬಂದರೆ ಸಮಿತಿ ಕುಲಸಚಿವರನ್ನು ಕರೆಸುತ್ತದೆ, ಬರದಿದ್ದರೆ ಇಲ್ಲ.

ಬ್ರಿಟನ್ನಿನ ಅನುಭವ ಇಲ್ಲಿ ಉಪಯುಕ್ತ. ಅಲ್ಲಿ 1919ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಅನುದಾನ ಸಮಿತಿ ಸರ್ಕಾರಕ್ಕೂ ವಿಶ್ವವಿದ್ಯಾಲಯಗಳಿಗೂ ನಡುವಿನ ಪರದೆಯಾಗಿತ್ತು, ವಿಶ್ವವಿದ್ಯಾಲಯಗಳ ಲೆಕ್ಕಪುಸ್ತಕಗಳನ್ನು ಸಂಸತ್ತಿನ ಲೆಕ್ಕಪರಿಶೋಧಕರು ಮುಟ್ಟುವಂತಿರಲಿಲ್ಲ. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಒತ್ತಾಯದ ಮೇಲೆ 1968ರಲ್ಲಿ ಆ ಪುಸ್ತಕಗಳು ತೆರೆದವು. ಸ್ವಾಯತ್ತತೆ ಮುಳುಗಿಹೋಗುತ್ತದೆಂಬ ಆಗಿನ ಆತಂಕ ನಿಜವಾಗಲಿಲ್ಲ. 2009ರಲ್ಲಿ ಹೌಸ್ ಆಫ್ ಕಾಮನ್ಸ್‌ನ ಸಮಿತಿಯೊಂದು ವಿದ್ಯಾರ್ಥಿಗಳು ಮತ್ತು ವಿಶ್ವವಿದ್ಯಾಲಯಗಳ ಬಗ್ಗೆ ವಿಚಾರಣೆ ನಡೆಸಿದಾಗ ಕುಲಪತಿಗಳ ಮುಂದೆ ಒಂದು ನೇರ ಪ್ರಶ್ನೆ ಇಟ್ಟಿತು: ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಇತಿಹಾಸದ ಪ್ರಥಮ ದರ್ಜೆಯೂ ಅದೇ ಊರಿನ ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದ ಇತಿಹಾಸದ ಪ್ರಥಮ ದರ್ಜೆಯೂ ಸಮವೇ? ಬಂದ ಉತ್ತರಗಳು ಸಮಿತಿಗೆ ಸಮಾಧಾನ ಕೊಡಲಿಲ್ಲ. ಗುಣಮಟ್ಟ ನೋಡುವ ಸಂಸ್ಥೆ ಕಾರ್ಯವಿಧಾನವನ್ನು ನೋಡುತ್ತದೆಯೇ ಹೊರತು ಪದವಿಯ ಮಟ್ಟವನ್ನಲ್ಲ ಎಂದು ಅದು ವರದಿಯಲ್ಲಿ ಬರೆಯಿತು. ಸಮಿತಿ ತಾನೇ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದಲಿಲ್ಲ. ತಿದ್ದಿದವರು ಹೇಗೆ ತಿದ್ದಿದರೆಂಬುದನ್ನು ಹೇಳಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳಿತು.

ಶಾಸನಸಭೆಯ ಸರಿಯಾದ ಜಾಗ ಅದೇ. ಶಿರಸಿಯಲ್ಲಿ 1923ರಿಂದ ನಡೆಯುತ್ತಿರುವ ತೋಟಗಾರ್ಸ್ ಸೊಸೈಟಿಯ ವ್ಯಾಪಾರಿ ಅಂಗಳದಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಅಡಿಕೆಯ ದರ್ಜೆ ನೋಡಿ ದರ ಬರೆಯುವವರು ವ್ಯಾಪಾರಿಗಳು; ತಕ್ಕಡಿಗೆ ಮುದ್ರೆ ಹಾಕುವ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಯಾರ ಚಾಲಿ ಎಂತಹದೆಂದು ಹೇಳುವುದಿಲ್ಲ, ಆದರೆ ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗಿದ ಅಡಿಕೆಯ ಲೆಕ್ಕವನ್ನು ಯಾವ ಬೆಳೆಗಾರನೂ ಒಪ್ಪುವುದಿಲ್ಲ. ಪಾಠಕ್ರಮದಲ್ಲಿ ಯಾವ ಕವಿ ಇರಬೇಕು, ಯಾವ ಇತಿಹಾಸ ಇರಬಾರದು ಎಂದು ಸದನ ಚರ್ಚಿಸತೊಡಗಿದರೆ ಅದು ದರ್ಜೆ ಹಾಕುವ ಕೆಲಸಕ್ಕೆ ಕೈ ಹಾಕಿದಂತೆ, ಮತ್ತು ಕರ್ನಾಟಕದ ಸದನಗಳಿಗೆ ಈ ಚಪಲ ಕಡಿಮೆಯೇನೂ ಇಲ್ಲ. ಸಂಯೋಜನೆಯ ತಪಾಸಣೆ ನಡೆಯಿತೇ, ಮೌಲ್ಯಮಾಪನಕ್ಕೆ ಅರ್ಹರು ಇದ್ದರೇ, ಫಲಿತಾಂಶ ಹೊತ್ತಿಗೆ ಬಂತೇ ಎಂಬ ಸಪ್ಪೆ ಪ್ರಶ್ನೆಗಳೇ ಅದರ ನಿಜವಾದ ಕೆಲಸ.

ಸಪ್ಪೆ ಪ್ರಶ್ನೆಗಳನ್ನು ಸಕಾಲಕ್ಕೆ ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಕರಣ ಕರ್ನಾಟಕದಲ್ಲಿ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. 1992ರ ಕಾಯ್ದೆಯಿಂದ ಹುಟ್ಟಿ 1996ರಲ್ಲಿ ಕೆಲಸ ಆರಂಭಿಸಿದ ಈ ವಿಶ್ವವಿದ್ಯಾಲಯ ಹತ್ತಿರದಲ್ಲಿ ಕಾಲೇಜಿಲ್ಲದವರಿಗೆ, ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳಿಗೆ, ತೋಟ ಮನೆ ಬಿಟ್ಟು ಹೋಗಲಾರದವರಿಗೆ ಆಸರೆಯಾಗಿತ್ತು. ಆದರೆ ರಾಜ್ಯದ ಗಡಿಯ ಹೊರಗೆ ಖಾಸಗಿ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಂಡು, ಅಂಚೆ ಶಿಕ್ಷಣದಲ್ಲಿ ಕೊಡಬಾರದ ತಾಂತ್ರಿಕ ಕೋರ್ಸುಗಳನ್ನೂ ತನ್ನ ಹೆಸರಿನಲ್ಲಿ ನಡೆಸಿತು. ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯದ ಅಧಿಕಾರ ರಾಜ್ಯದ ಗಡಿಯವರೆಗೆ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 2005ರ ಪ್ರೊ. ಯಶಪಾಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದ್ದರೂ ಇದು ನಡೆಯಿತು. 2015ರ ಜೂನ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು 2012–13ರ ನಂತರ ಅದಕ್ಕೆ ಮಾನ್ಯತೆಯಿಲ್ಲ ಎಂದು ಪ್ರಕಟಿಸಿದಾಗ, ಒಪ್ಪಂದದ ಸಂಸ್ಥೆಗಳ ಹೆಸರನ್ನೇ ಕೇಳಿರದ, ರಾಜ್ಯದೊಳಗೆ ಕನ್ನಡ ಎಂ.ಎ. ಓದುತ್ತಿದ್ದವರ ಪದವಿಯೂ ಪ್ರಶ್ನೆಗೆ ಒಳಗಾಯಿತು. ನಿವೃತ್ತ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರ ವಿಚಾರಣೆ ನಡೆಯಿತು, ಸದನದಲ್ಲಿ ಚರ್ಚೆ ಕಾವೇರಿತು, 2018ರ ಆಗಸ್ಟ್‌ನಲ್ಲಿ ಮಾನ್ಯತೆ ಮರಳಿ ಬಂತು. ನಡುವಿನ ವರ್ಷಗಳಲ್ಲಿ ಪ್ರವೇಶ ಪಡೆದಿದ್ದವರಿಗೆ ಆ ಮರಳುವಿಕೆಯಿಂದ ಬಂದ ಸಮಾಧಾನ ಅಷ್ಟಕ್ಕಷ್ಟೆ. ಒಂದು ಶಾಸನಬದ್ಧ ವಿಶ್ವವಿದ್ಯಾಲಯ ಎಲ್ಲೆಲ್ಲಿ, ಯಾರ ಮೂಲಕ ಪದವಿ ಕೊಡುತ್ತಿದೆ ಎಂಬ ಪಟ್ಟಿಯನ್ನು ವಾರ್ಷಿಕ ವರದಿಯೊಂದಿಗೆ ಕೇಳಿ ಓದುವ ಸಮಿತಿ ಇದ್ದಿದ್ದರೆ ಈ ಪೆಟ್ಟು ಇಷ್ಟು ಆಳಕ್ಕೆ ಬೀಳುತ್ತಿರಲಿಲ್ಲ ಎಂದು ಹೇಳಲು ಹೆಚ್ಚಿನ ಧೈರ್ಯ ಬೇಕಿಲ್ಲ.

ನ್ಯಾಕ್ ಇರುವಾಗ ಸದನದ ಪರಿಶೀಲನೆ ಏಕೆ ಎಂಬ ಮಾತೂ ಕೇಳಿಬರುತ್ತದೆ. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲೇ ನೆಲೆಸಿರುವ ಈ ಪರಿಷತ್ತು ಏಳು ಮಾನದಂಡಗಳ ಮೇಲೆ, 4 ಅಂಕಗಳ ಅಳತೆಯಲ್ಲಿ ಸಂಸ್ಥೆಗಳಿಗೆ ಶ್ರೇಣಿ ಕೊಡುತ್ತ ಬಂದಿದೆ. ಶ್ರೇಣಿಗಾಗಿ ತಾಲೂಕಿನ ಕಾಲೇಜುಗಳು ದಾಖಲೆ ಇಡಲು ಕಲಿತದ್ದು ದೊಡ್ಡ ಲಾಭ. ಒಳ್ಳೆಯ ಅಧ್ಯಾಪಕರ ಸಮಯದ ಬಹುಪಾಲು ಆ ದಾಖಲೆಗಳಿಗೇ ಹೋಗುವುದು ಅಷ್ಟೇ ದೊಡ್ಡ ನಷ್ಟ. 2025ರ ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ಖಾಸಗಿ ಸಂಸ್ಥೆಯೊಂದಕ್ಕೆ ಹೆಚ್ಚಿನ ಶ್ರೇಣಿ ಕೊಡಲು ಲಂಚದ ಆರೋಪದ ಮೇಲೆ ತಪಾಸಣಾ ತಂಡದವರನ್ನೇ ಕೇಂದ್ರೀಯ ತನಿಖಾ ದಳ ಬಂಧಿಸಿತು. ಅಳೆಯುವವರನ್ನು ಅಳೆಯುವವರು ಯಾರು ಎಂಬ ಪ್ರಶ್ನೆಗೆ ಪ್ರಜಾಪ್ರಭುತ್ವದಲ್ಲಿ ಸದನ ಬಿಟ್ಟರೆ ಬೇರೆ ಉತ್ತರವಿಲ್ಲ, ನ್ಯಾಕ್‌ನ ಮಟ್ಟಿಗೆ ಆ ಸದನ ಸಂಸತ್ತು.

ಗುಣಮಟ್ಟವನ್ನು ನೇರವಾಗಿ ತಟ್ಟುವ ನಿರ್ಧಾರಗಳು ಸದನದ ಹೊರಗೇ ಆಗಿಹೋಗುವುದು ಇನ್ನೊಂದು ತೊಡಕು. 2021ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಜಾರಿಗೆ ತರುವ ಆದೇಶವನ್ನು ದೇಶದಲ್ಲೇ ಮೊದಲು ಹೊರಡಿಸಿದ್ದು ಕರ್ನಾಟಕ. ರಾಜ್ಯ ಶಿಕ್ಷಣ ನೀತಿ ರೂಪಿಸಲು ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದೂ ಕರ್ನಾಟಕ. ಎರಡೂ ಸರ್ಕಾರಿ ಆದೇಶಗಳು, ಶಾಸನಗಳಲ್ಲ. ಯಾವ ನೀತಿ ಮೇಲು ಎಂಬ ವಾದ ಇಲ್ಲಿ ಅಪ್ರಸ್ತುತ. ಆದರೆ 2020, 2021, 2024ರಲ್ಲಿ ಸಿದ್ದಾಪುರದ ಒಂದೇ ಮನೆಯಿಂದ ಅಕ್ಕ, ತಂಗಿ, ತಮ್ಮ ಪದವಿ ತರಗತಿಗೆ ಸೇರಿದ್ದರೆ ಮೂವರದೂ ಮೂರು ಬಗೆಯ ಪಾಠಕ್ರಮ, ಮೂರು ಬಗೆಯ ಅಂಕಪದ್ಧತಿ. ಇದೇ ಅವಧಿಯಲ್ಲಿ ಪ್ರವೇಶದಿಂದ ಫಲಿತಾಂಶದವರೆಗೆ ಎಲ್ಲವನ್ನೂ ಒಂದೇ ತಂತ್ರಾಂಶಕ್ಕೆ ತಂದ ಏಕೀಕೃತ ನಿರ್ವಹಣಾ ವ್ಯವಸ್ಥೆಯಿಂದ ಅಂಕಪಟ್ಟಿ ತಡವಾದ ದೂರುಗಳು ರಾಜ್ಯದ ಹಲವೆಡೆಯಿಂದ ಬಂದವು. ಒಂದು ಮಸೂದೆಯಾಗಿ ಬಂದಿದ್ದರೆ ಇವುಗಳಲ್ಲಿ ಕೆಲವನ್ನಾದರೂ ಯಾರಾದರೊಬ್ಬ ಶಾಸಕರು ಖಂಡವಾರು ಚರ್ಚೆಯಲ್ಲಿ ಹಿಡಿದು ನಿಲ್ಲಿಸಬಹುದಿತ್ತು.

ಹೊಣೆಯ ಸರಪಳಿಯ ಮೇಲ್ತುದಿಯೂ ಗಟ್ಟಿಯಾಗಿಲ್ಲ. ರಾಜ್ಯಪಾಲರು ಕುಲಾಧಿಪತಿಗಳು, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿಗಳು. ಕುಲಪತಿಯನ್ನು ರಾಜ್ಯ ಸರ್ಕಾರದ ಸಹಮತಿಯೊಂದಿಗೆ ನೇಮಿಸುವವರು ಕುಲಾಧಿಪತಿಗಳು. ಕುಲಾಧಿಪತಿಯಾಗಿ ರಾಜ್ಯಪಾಲರು ಮಂತ್ರಿಮಂಡಲದ ಸಲಹೆಗೆ ಬದ್ಧರಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2023ರ ನವೆಂಬರ್‌ನಲ್ಲಿ ಕಣ್ಣೂರು ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಹೇಳಿದೆ. ರಾಜ್ಯಪಾಲರ ನಡೆಯನ್ನು ಸದನ ಮಾಮೂಲಿ ಪ್ರಶ್ನೆಯ ರೂಪದಲ್ಲಿ ಚರ್ಚಿಸುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ಮುಖ್ಯಮಂತ್ರಿಯನ್ನೇ ಕುಲಾಧಿಪತಿಯಾಗಿಸುವ ತಿದ್ದುಪಡಿ ಮಸೂದೆಯನ್ನು ಬೆಳಗಾವಿಯ ಅಧಿವೇಶನದಲ್ಲಿ ಅಂಗೀಕರಿಸಿದಾಗ, ಮರು ತಿಂಗಳು ಅನುದಾನ ಆಯೋಗದ ಕರಡು ನಿಯಮಗಳು ಕುಲಪತಿ ನೇಮಕದಲ್ಲಿ ಕುಲಾಧಿಪತಿಯ ಕೈ ಬಲಪಡಿಸಲು ಹೊರಟಾಗ, ವಾದವೆಲ್ಲ ನೇಮಿಸುವವರು ಯಾರು ಎಂಬುದರ ಸುತ್ತ ನಡೆಯಿತು. ನೇಮಕವಾದವರು ಐದಾರು ತಿಂಗಳಿಗೊಮ್ಮೆ ಯಾರ ಮುಂದೆ ಕುಳಿತು ಏನನ್ನು ವಿವರಿಸಬೇಕು ಎಂಬುದು ಎರಡೂ ಕಡೆಯವರಿಗೆ ಹೊಳೆಯಲಿಲ್ಲ.

ಹೊಸ ವಿಶ್ವವಿದ್ಯಾಲಯ ಕಟ್ಟುವುದರಲ್ಲಿ ಮಾತ್ರ ಸದನಕ್ಕೆ ಬೇಸರವಿಲ್ಲ. 2022ರ ತಿದ್ದುಪಡಿಯಿಂದ ಹಾವೇರಿ, ಬೀದರ್, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರಗಳಿಗೆ ಏಳು ವಿಶ್ವವಿದ್ಯಾಲಯಗಳು ಬಂದವು. 2025ರ ಫೆಬ್ರವರಿಯಲ್ಲಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಚಿವ ಸಂಪುಟ ಉಪಸಮಿತಿ ಇವುಗಳಲ್ಲಿ ಬೀದರ್ ಹೊರತಾಗಿ ಉಳಿದವನ್ನು, ಮತ್ತು ಇನ್ನೂ ಕೆಲವನ್ನು, ಮುಚ್ಚುವ ಶಿಫಾರಸು ಮಾಡಿತು. ಹುಟ್ಟಿಸಿ ಮೂರು ವರ್ಷ ತುಂಬುವ ಮೊದಲೇ ಮುಚ್ಚುವ ಮಾತು ಬಂದದ್ದಕ್ಕೆ ಮುಖ್ಯ ಕಾರಣ ಹಣ.

ಉತ್ತರ ಕನ್ನಡದವರ ಪಾಲಿಗೆ ಧಾರವಾಡವೇ ಇನ್ನೂ ಕೆಲವು ಕಾಲ ವಿಶ್ವವಿದ್ಯಾಲಯವಾಗಿರುತ್ತದೆ ಎಂದುಕೊಂಡರೆ, ಕಾಯ್ದೆಗೆ ತಿದ್ದುಪಡಿಯಿಲ್ಲದೆಯೇ ಆಗಬಹುದಾದ ಕೆಲಸಗಳಿವೆ. ವಾರ್ಷಿಕ ವರದಿಗೆ ತಾಲೂಕುವಾರು ಅನುಬಂಧವೊಂದನ್ನು, ಪ್ರತಿ ಸಂಯೋಜಿತ ಕಾಲೇಜಿನಲ್ಲಿ ಕಾಯಂ ಮತ್ತು ಅತಿಥಿ ಅಧ್ಯಾಪಕರ ಸಂಖ್ಯೆ, ವಿಚಾರಣಾ ಸಮಿತಿ ಹಾಕಿದ ಷರತ್ತುಗಳು, ಅವುಗಳಲ್ಲಿ ಪೂರೈಸಿದವು, ಪರೀಕ್ಷೆಯ ಕೊನೆಯ ದಿನಕ್ಕೂ ಫಲಿತಾಂಶಕ್ಕೂ ನಡುವಿನ ಅಂತರ ಇವುಗಳೊಂದಿಗೆ ಸೇರಿಸುವಂತೆ ಕಾಗದ ಪತ್ರಗಳ ಸಮಿತಿ ಕೇಳಬಹುದು. ಕೇಳಿದರೆ ವಿಶ್ವವಿದ್ಯಾಲಯದ ಸ್ವಾಯತ್ತತೆಯ ಒಂದು ಎಳೆಯೂ ಕೆಡುವುದಿಲ್ಲ, ಏಕೆಂದರೆ ಇವೆಲ್ಲ ಅದರ ಕಡತಗಳಲ್ಲಿ ಈಗಾಗಲೇ ಇರುವ ಅಂಕಿಗಳು. ಶಿರಸಿ ಮತ್ತು ಸಿದ್ದಾಪುರ ಸೇರಿ ಒಂದು ವಿಧಾನಸಭಾ ಕ್ಷೇತ್ರ, ಯಲ್ಲಾಪುರವು ಮುಂಡಗೋಡ ಮತ್ತು ಬನವಾಸಿ ಭಾಗದೊಂದಿಗೆ ಇನ್ನೊಂದು. ಇಬ್ಬರು ಶಾಸಕರು, ಪರಿಷತ್ತಿನ ಇಬ್ಬರು ಸದಸ್ಯರು ಈ ಅನುಬಂಧವನ್ನು ಓದಲು ಸಾಕು. ಅವರು ಕೇಳದಿದ್ದರೆ ಅರ್ಜಿಗಳ ಸಮಿತಿಯ ಹಾದಿ ತೆರೆದಿದೆ. ಸದನದ ಸದಸ್ಯರೊಬ್ಬರ ಮೇಲುರುಜು ಪಡೆದು ಯಾವ ನಾಗರಿಕರೂ ಸದನಕ್ಕೆ ಅರ್ಜಿ ಸಲ್ಲಿಸಬಹುದು. ರಸ್ತೆಗೆ, ನೀರಿಗೆ, ಅರಣ್ಯ ಅತಿಕ್ರಮಣದ ಪಟ್ಟಾಕ್ಕೆ ಅರ್ಜಿ ಬರೆದು ಕೈ ಪಳಗಿದ ಈ ಸೀಮೆಯಲ್ಲಿ, ಪದವಿ ತರಗತಿಯ ಪಾಠದ ಗಂಟೆಗಳ ಲೆಕ್ಕ ಕೇಳುವ ಅರ್ಜಿಗೆ ಬೇಕಾಗುವುದು ಮಾಹಿತಿ ಹಕ್ಕಿನಡಿ ಪಡೆದ ಒಂದು ವಿಚಾರಣಾ ಸಮಿತಿಯ ವರದಿ, ಕಾಲೇಜಿನ ಒಂದು ವೇಳಾಪಟ್ಟಿ ಮತ್ತು ಆ ವರ್ಷದ ಒಂದು ಹಾಜರಿ ಪುಸ್ತಕದ ನಕಲು.